ಇಳಿಯುವ ಜಾಗ

ಹಲಸೂರಿನ ಆ ಸೈಕಲ್ ಮೆಕ್ಯಾನಿಕ್ ಯಾರು ಬಂದರೂ ಮೊದಲು ಕೇಳುತ್ತಿದ್ದುದು ಒಂದೇ: "ಎಲ್ಲಿ ಇಳೀತೀರಾ?"

ಹೊಲಿದ ಬಟ್ಟೆಯ ಗಂಟಿನೊಂದಿಗೆ ದಿಬ್ಬ ಹತ್ತಲಾಗದೆ, ಮಂಡಿನೋವಿಗೆ ಸೋತು, ನನ್ನ ಎಲೆಕ್ಟ್ರಿಕ್ ಸೈಕಲ್ಲನ್ನು ಮಾರಿಬಿಡುವವಳಿದ್ದೆ; ಅದಕ್ಕೂ ಮೊದಲು ಒಮ್ಮೆ ಅವರ ಬಳಿ ಒಯ್ದೆ. "ಹುಣಸೆಮರದ ಹತ್ರ ಇಳಿದು ತಳ್ತೀನಿ. ದೊಡ್ಡ ಮೋಟರ್ ಹಾಕ್ಬೇಕಾ?" ಎಂದೆ.

ಅವರು ಗಂಟಿನ ಸಮೇತ ತಾವೇ ದಿಬ್ಬದ ಮೇಲೆ ತುಳಿದು ನೋಡಿ, ಏದುಸಿರು ಬಿಡುತ್ತ ಬಂದರು. "ಮೋಟರ್ ಸರಿ ಐತೆ ಮೇಡಂ. ಹಿಂದಿನ ಗೇರ್ ಚಿಕ್ಕದು, ಅದಕ್ಕೇ ಏರಲ್ಲಿ ತುಳಿಯೋಕೆ ಭಾರ." ಹೆಚ್ಚು ಹಲ್ಲುಗಳ ದೊಡ್ಡ ಗೇರ್ ಹಾಕಿ, ಚೈನಿಗೆ ಎರಡು ಲಿಂಕ್ ಸೇರಿಸಿದರು.

"ಸ್ಪೀಡ್ ಕಮ್ಮಿ ಆಗಲ್ವಾ?"

"ಆಗ್ಲಿ. ಏರಲ್ಲಿ ನಿಲ್ದಿದ್ರೆ ಸಾಕು."

ನಾನು ಹೊರಡುವ ಮೊದಲೇ ನಡೆದುಹೋಗಿ, ಬಿದ್ದರೆ ಹಿಡಿಯಲೆಂದು ಹುಣಸೆಮರದಡಿ ಕೈಚಾಚಿ ನಿಂತರು. ಅವರನ್ನು ದಾಟಿದೆ. ಥ್ಯಾಂಕ್ಸ್ ಹೇಳಲು ಬ್ರೇಕ್ ಹಿಡಿಯಹೋದರೆ, "ನಿಲ್ಬೇಡಿ, ಹೋಗಿ!" ಎಂದು ಕೂಗಿದರು.

ಆ ಅಂಗಡಿ ಈಗಿಲ್ಲ. ಮರದಡಿ ನಾನು ಅಂದಿನಿಂದ ಒಮ್ಮೆಯೂ ಇಳಿದಿಲ್ಲ.