ಹಲ್ಲಿಗೆ ಸಿಕ್ಕ ಸೋರಿಕೆ

ಸೋಲಾಪುರದ ಹೊರಭಾಗದ ನಮ್ಮ ಹಳೆಯ ಸೊಸೈಟಿಯಲ್ಲಿ ಐದು ದಿನಕ್ಕೊಮ್ಮೆ ನೀರಿನ ಪಾಳಿ. ಪಾಳಿಯ ದಿನ ಯಾರೂ ನಳ ಮುಚ್ಚಿಡುವುದಿಲ್ಲ. ಪೂರ್ತಿ ತಿರುವಿ, ಕೆಳಗೆ ಖಾಲಿ ಕೊಡ ಇಟ್ಟು ತಮ್ಮ ತಮ್ಮ ಕೆಲಸಕ್ಕೆ ಹೋಗುತ್ತಾರೆ. ಮೊದಲು ನಳದಲ್ಲಿ ಗಾಳಿ ಬುಸುಗುಡುತ್ತದೆ, ಆಮೇಲೆ ಕೊಡ ಸದ್ದು ಮಾಡುತ್ತದೆ, ಆಗ ಇಡೀ ಓಣಿ ಎದ್ದು ಓಡುತ್ತದೆ. ಹೋದ ವರ್ಷ ಎರಡು ಪಾಳಿ ನಮ್ಮ ಕೊಡ ಸದ್ದೇ ಮಾಡಲಿಲ್ಲ.

ಅದೂ ಎಂಥ ಹೊತ್ತಿನಲ್ಲಿ! ತಂಗಿ ಬಾಣಂತನಕ್ಕೆ ಬಂದಿದ್ದಳು. ಕೂಸಿಗೆ ಇನ್ನೂ ತಿಂಗಳು ತುಂಬಿರಲಿಲ್ಲ. ಬಾಣಂತಿಯ ಮನೆಯಲ್ಲಿ ನೀರು ಎಷ್ಟು ಬೇಕೆಂದು ಹಂಡೆ ಕಾಯಿಸಿದವರಿಗೇ ಗೊತ್ತು. ತರಿಸಿದ ಟ್ಯಾಂಕರ್ ನೀರು ಸವಳು. ಅದರಲ್ಲಿ ಎರೆದ ಮರುದಿನವೇ ಕೂಸಿನ ಮೈಮೇಲೆ ಕೆಂಪು ಗುಳ್ಳೆ ಎದ್ದವು. ಭಂಡಾರಕವಠೆಯಿಂದ ತಂಗಿಯ ಅತ್ತೆ ಫೋನ್ ಮಾಡಿ, ನಮ್ಮಲ್ಲಿ ಬಾವಿಯ ಸಿಹಿ ನೀರು ಇದೆ, ಈ ಪಾಳಿಯೂ ತಪ್ಪಿದರೆ ಕಳಿಸಿಬಿಡಿ ಅಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೆ ಐದು ತಿಂಗಳು ತವರಲ್ಲಿ ಇರಬೇಕಾದ ಮಗಳನ್ನು ನೀರಿಲ್ಲ ಅಂತ ತಿಂಗಳೊಳಗೆ ಕಳಿಸುವುದೆಂದರೆ ಅವ್ವನಿಗೆ ಜೀವ ಹೋದಷ್ಟು ಸಂಕಟ. ಫೋನ್ ಇಟ್ಟವಳು ಆ ಹೊತ್ತು ಊಟ ಮಾಡಲಿಲ್ಲ.

ನಮ್ಮ ಪೈಪು ನೆಲದೊಳಗೆ ಎಲ್ಲೋ ಸೋರುತ್ತಿತ್ತು, ಎಲ್ಲಿ ಎಂದೇ ಗೊತ್ತಿರಲಿಲ್ಲ. ಅಪ್ಪ ಮನೆ ಕಟ್ಟಿಸುವಾಗ ಕಬ್ಬಿಣದ ಪೈಪನ್ನು ನೆಲಕ್ಕೆ ಹಾಸಿದ ಫರಸಿ ಕಲ್ಲಿನ ಅಡಿಯಲ್ಲಿ ಹಾಕಿಸಿದ್ದರು. ಅದು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದು ಅವರೊಬ್ಬರಿಗೇ ಗೊತ್ತಿತ್ತು, ಹೇಳದೆ ಹೋದರು. ನಾನು ಕರೆಸಿದ್ದ ಮೊದಲ ಪ್ಲಂಬರ್ ಗೋಡೆ ಹಸಿಯಾದಲ್ಲೆಲ್ಲ ಅಗೆದು, ನಾಲ್ಕು ಫರಸಿ ಒಡೆದು, ಇಡೀ ಮನೆ ಅಗೆಯಬೇಕಾಗುತ್ತದೆ ಎಂದು ಹೇಳಿ ಚಹಾ ಕುಡಿದು ಹೋಗಿದ್ದ.

ಎರಡನೆಯವರನ್ನು ಹುಡುಕಿದ್ದು ಅವ್ವ. ವಳಸಂಗದವರು, ಐವತ್ತು ದಾಟಿದವರು. ಬಹಳ ವರ್ಷ ಸೋಲಾಪುರದ ಮಗ್ಗದ ಕಾರ್ಖಾನೆಯಲ್ಲಿದ್ದು, ಆಮೇಲೆ ಪೈಪಿನ ಕೆಲಸ ಕಲಿತವರು. ಮಗ್ಗದ ಗದ್ದಲಕ್ಕೆ ಎರಡೂ ಕಿವಿ ಹೋಗಿದ್ದವು. ಮುಖ ನೋಡಿ ಮಾತು ತಿಳಿಯುತ್ತಿದ್ದರು. ನೆಲದೊಳಗಿನ ಸದ್ದು ಹಿಡಿಯುವ ಕೆಲಸಕ್ಕೆ ಕಿವುಡರನ್ನು ಕರೆಸಿದ್ದೀಯಲ್ಲ ಎಂದು ನಾನು ಅವ್ವನ ಮೇಲೆ ಹರಿಹಾಯ್ದೆ. ಅವರ ಎದುರಿಗೇ ಅಂದೆ. ಹೇಗೂ ಕೇಳಿಸುವುದಿಲ್ಲವೆಂಬ ಧೈರ್ಯ. ಅದನ್ನು ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ.

ಅವರು ಬಂದದ್ದು ಮೂರನೆಯ ಪಾಳಿಯ ದಿನ ಮಧ್ಯಾಹ್ನ. ನೀರು ನಾಲ್ಕರ ಸುಮಾರಿಗೆ ಬರುವುದಿತ್ತು, ಬಂದರೆ ಎರಡು ತಾಸು. ಬಂದವರೇ ಅಂಗಳಕ್ಕೆ ಹೋಗಿ, ನಾವು ತೆರೆದಿಟ್ಟಿದ್ದ ನಳವನ್ನು ಬಿಗಿಯಾಗಿ ಮುಚ್ಚಿದರು. ನನಗೆ ರೇಗಿತು. ನಳ ಮುಚ್ಚಿದರೆ ನೀರು ಬಂದದ್ದು ತಿಳಿಯುವುದು ಹೇಗೆ ಎಂದು ಕೈ ತಿರುಗಿಸಿ ಕೇಳಿದೆ.

“ನೀವು ನಳ ತಗದಿಟ್ರ ಗಾಳಿ ಇತ್ತಾಗಿಂದ ಹೋಗ್ತೈತ್ರಿ,” ಅಂದರು, ಕಿವುಡರ ದೊಡ್ಡ ದನಿಯಲ್ಲಿ. “ಮುಚ್ಚಿದ್ರ ತೂತಿನ್ಯಾಗಿಂದನ ಹೋಗಬೇಕು. ಗಾಳಿ ಬರೂತನಾ ಸುಮ್ಮ ಕುಂಡ್ರೂಣು.”

ಐದು ದಿನಕ್ಕೊಮ್ಮೆ ತಪ್ಪದೆ ನಳ ತೆರೆದಿಟ್ಟು, ಆ ಸೋರಿಕೆಯ ಬಾಯಿ ಮುಚ್ಚಿಸಿದ್ದವರು ನಾವೇ. ಅಷ್ಟು ಸಣ್ಣ ವಿಷಯ ಇಡೀ ಓಣಿಯಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಅವರು ಚಪ್ಪಲಿ ಕಳಚಿ, ಪಡಸಾಲೆಯ ಫರಸಿಯ ಮೇಲೆ ಬೋರಲಾಗಿ ಮಲಗಿದರು. ಮೊಳದುದ್ದದ ಸ್ಕ್ರೂಡ್ರೈವರ್ ತೆಗೆದು, ಅದರ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ, ತುದಿಯನ್ನು ಕಲ್ಲಿಗೆ ಊರಿದರು. ಒಂದು ಕಲ್ಲು, ಆಮೇಲೆ ಇನ್ನೊಂದು. ಅವ್ವ ಫ್ಯಾನ್ ನಿಲ್ಲಿಸಿದಳು. ನಾನು ಕಿಟಕಿ ಮುಚ್ಚಿದೆ. ಕಿವಿ ಇದ್ದವರೆಲ್ಲ ಉಸಿರು ಬಿಗಿಹಿಡಿದು ಕೂತೆವು.

ನಾಲ್ಕು ಹೊಡೆದ ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ನಳ ಬುಸ್ಸೆಂದಿತು. ಸರಿಯಾಗಿ ಅದೇ ಗಳಿಗೆಗೆ ಒಳಗೆ ಕೂಸು ಚೀರತೊಡಗಿತು. ಮನೆ ಹಾರಿಹೋಗುವ ಹಾಗೆ ಅಳು. ತಂಗಿ ಮೊಲೆ ಕೊಟ್ಟಳು, ಹಿಡಿಯಲಿಲ್ಲ. ಅವ್ವ ಎತ್ತಿಕೊಂಡು ಆಡಿಸಿದಳು, ಅದು ಇನ್ನಷ್ಟು ಜೋರಾಯಿತು. ತಂಗಿಗೂ ಕಣ್ಣೀರು ಬಂತು. ಇನ್ನು ಮುಗಿಯಿತು, ಈ ಪಾಳಿಯೂ ಹೋಯಿತು, ನಾಳೆ ಭಂಡಾರಕವಠೆಗೆ ಗಾಡಿ ಹೇಳಬೇಕು ಎಂದು ನಾನು ತಲೆಯ ಮೇಲೆ ಕೈ ಹೊತ್ತೆ.

ನೆಲದ ಮೇಲೆ ಮಲಗಿದ್ದ ಮನುಷ್ಯ ಮಾತ್ರ ಅಲುಗಲಿಲ್ಲ. ಆ ಅಳು ಅವರ ತನಕ ಹೋಗಿರಲೇ ಇಲ್ಲ. ಕಣ್ಣು ಮುಚ್ಚಿ, ಕಲ್ಲಿನಿಂದ ಕಲ್ಲಿಗೆ ತೆವಳಿ, ಬಾಗಿಲಿಂದ ಮೂರನೆಯ ಸಾಲಿನ ಒಂದು ಫರಸಿಗೆ ಬಂದು ತಡೆದರು. ಸ್ಕ್ರೂಡ್ರೈವರ್ ಬಾಯಿಂದ ತೆಗೆದು ಬೆರಳಿನಿಂದ ಕಲ್ಲು ಬಡಿದರು.

“ಹಲ್ಲ ನಡಗಾಕತ್ತಾವು. ಇಲ್ಲೇ ಐತಿ.”

ಗೇಟಿನ ಬಳಿಯ ವಾಲ್ವ್ ಮುಚ್ಚಿಸಿ ಆ ಒಂದೇ ಕಲ್ಲನ್ನು ಎಬ್ಬಿಸಿದರು. ಒಡೆಯಲಿಲ್ಲ, ಬಹಳ ನಾಜೂಕಾಗಿ ಎಬ್ಬಿಸಿ ಗೋಡೆಗೆ ಆನಿಸಿಟ್ಟರು. ಮೊದಲನೆಯವನು ಅಗೆದದ್ದಕ್ಕಿಂತ ಹತ್ತು ಅಡಿ ಆಚೆಗೆ, ಹಸಿ ಮಣ್ಣಿನೊಳಗೆ, ತುಕ್ಕು ತಿಂದ ಪೈಪಿನಲ್ಲಿ ಹೆಬ್ಬೆರಳು ತೂರುವಷ್ಟು ತೂತು. ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ, ಮೇಲೆ ಕಬ್ಬಿಣದ ಪಟ್ಟಿ ಹಾಕಿ ಬೋಲ್ಟು ಬಿಗಿದರು. ಇದು ಸದ್ಯಕ್ಕಷ್ಟೇ, ಮುಂದಿನ ವಾರ ಬಂದು ಹೊಸ ಪೈಪು ಹಾಕುತ್ತೇನೆ ಅಂದರು. ಅಷ್ಟೂ ಸೇರಿ ಅರ್ಧ ತಾಸು ಹಿಡಿಯಲಿಲ್ಲ. ವಾಲ್ವ್ ತೆರೆದು ಅಂಗಳದ ನಳ ತಿರುವಿದಾಗ ಕೊಡ ಸದ್ದು ಮಾಡಿತು. ನಾನು ಅಷ್ಟು ವರ್ಷ ಆ ಸದ್ದಿಗೆ ಬೈದುಕೊಂಡೇ ಎದ್ದವನು. ಅವತ್ತು ಅದನ್ನು ಕೇಳುತ್ತ ನಿಂತೇಬಿಟ್ಟೆ.

ಅವ್ವ ಮೊದಲ ಕೊಡವನ್ನು ಬಾಣಂತಿಯ ಹಂಡೆಗೆ ಸುರಿದು, ಭಂಡಾರಕವಠೆಗೆ ಫೋನ್ ಹಚ್ಚಿದಳು. ಐದು ತಿಂಗಳು ತುಂಬಿಸಿಯೇ ಕಳಿಸುತ್ತೇನೆ ಎಂದು ಹೇಳುವಾಗ ಅವಳ ದನಿ ಬೀಗರ ಮನೆಯವರೆಗೆ ಫೋನಿಲ್ಲದೆಯೂ ಕೇಳಿಸುವಂತಿತ್ತು.

ಹೊರಡುವ ಮೊದಲು ಅವರು ಕೈ ತೊಳೆದು, ತಂಗಿಯ ತೊಡೆಯ ಮೇಲಿದ್ದ ಕೂಸಿನ ತೆರೆದ ಬಾಯಿ ನೋಡಿದರು.

“ಅಳಾಕತ್ತೈತೇನ್ರಿ?”

ಆಗಿನಿಂದಲೂ ಎಂದು ನಾನು ತಲೆಯಾಡಿಸಿದೆ. ಅವರು ಬೆರಳಿನ ಹಿಂಬದಿಯನ್ನು ಮೆಲ್ಲಗೆ ಕೂಸಿನ ಎದೆಗೆ ತಾಗಿಸಿದರು. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡು, ನಕ್ಕು, ಜೋರಾಗೇ ಐತಿ ಅಂದರು.