ಮರಳಿ ಮರಳಿ ಬಂದ ತೆಂಗಿನಕಾಯಿ

ಗೋವೆಯ ಆ ಬಂಡೆಗೂ ದಂಡೆಗೂ ನಡುವೆ ನೀರು ಎಷ್ಟು ಅಗಲ ಇತ್ತು ಎಂದು ಯಾರಾದರೂ ಕೇಳಿದರೆ ನಾನು ಒಂದೊಂದು ಸಲ ಒಂದೊಂದು ಹೇಳುತ್ತೇನೆ. ಕಣ್ಣು ಮುಚ್ಚಿಕೊಂಡರೆ ಅದು ನಮ್ಮೂರ ಕೃಷ್ಣೆಯಷ್ಟು ಅಗಲ. ಫೋನಿನಲ್ಲಿರುವ ಫೋಟೋ ತೆಗೆದು ನೋಡಿದರೆ ಅಲ್ಲಿ ನೀರೇ ಇಲ್ಲ. ಒದ್ದೆ ಮರಳು, ಅದರಾಚೆ ಕಪ್ಪು ಬಂಡೆ, ಬಂಡೆಯ ಮೇಲೆ ನನಗೆ ಬೆನ್ನು ಮಾಡಿ ನಿಂತ ಇಬ್ಬರು ಹೆಂಗಸರು. ಒಬ್ಬಳು ನನ್ನ ಅವ್ವ. ಇನ್ನೊಬ್ಬಳು ಅವ್ವನ ತಂಗಿ, ನನ್ನ ಮಾವಶಿ. ಫೋಟೋ ತೆಗೆದವಳು ನಾನು. ತೆಗೆಯುವಾಗ ನಗುತ್ತಿದ್ದೆ.

ನಾನು ರಾಯಬಾಗದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಅವ್ವ ಐನಾಪುರದ ಕಡೆ, ಕೃಷ್ಣೆಯ ದಂಡೆಯ ಊರಿನಲ್ಲಿ ಅಪ್ಪ, ಅಣ್ಣ ಮತ್ತು ಅಣ್ಣನ ಹೆಂಡತಿ, ನನ್ನ ವೈನಿ, ಇವರ ಜೊತೆ ಇದ್ದಾಳೆ. ಮಾವಶಿಯನ್ನು ನಿಪ್ಪಾಣಿಗೆ ಕೊಟ್ಟಿದ್ದಾರೆ. ಅಕ್ಕತಂಗಿಯರು ಹುಟ್ಟಿ ಬೆಳೆದದ್ದೂ ಹೊಳೆಯ ದಂಡೆಯಲ್ಲೇ. ಎಮ್ಮೆಯ ಬಾಲ ಹಿಡಿದು ಆಚೆ ದಡಕ್ಕೆ ಹೋಗಿ ಪೇರಲ ಕದ್ದು ತಂದ ಕಥೆಯನ್ನು ಇಬ್ಬರೂ ಇಂದಿಗೂ ಜಗಳಾಡುತ್ತಾ ಹೇಳುತ್ತಾರೆ. ಹಡಗು ನೋಡಬೇಕೆಂಬ ಆಸೆ ಮೊದಲು ಹುಟ್ಟಿದ್ದು ಮಾವಶಿಗೆ. ಮುಂಬಯಿಯಿಂದ ಗೋವೆಗೆ ಹೋಗಿ ಬರುವ ಪ್ರವಾಸಿ ಹಡಗೊಂದಿದೆ ಎಂದು ನಾನು ಹೇಳಿದ್ದೇ ತಡ, ಅವ್ವನನ್ನೂ ಹೊರಡಿಸಿದಳು. ಅಪ್ಪ ಮಾತ್ರ ಒಲ್ಲೆನೆಂದ. "ಹುಟ್ಟಿದಾಗಿಂದ ನೀರ ನೋಡಾಕತ್ತೀನಿ. ಈಗ ರೊಕ್ಕಾ ಕೊಟ್ಟ ನೋಡ್ಲ್ಯಾ?"

ಮಿರಜಿನಲ್ಲಿ ರೈಲು ಹತ್ತಿ ಮುಂಬಯಿಗೆ ಹೋದೆವು. ಹಡಗಿನಲ್ಲಿ ಮೊದಲ ರಾತ್ರಿ ಕಳೆಯುವ ಹೊತ್ತಿಗೇ ಮಾವಶಿ ಊಟದ ಕೋಣೆಯವರಿಗೆಲ್ಲ ಪರಿಚಯವಾಗಿದ್ದಳು. ಗೋವೆ ಬರುವ ಮುಂಚೆ ಕೌಂಟರಿನ ಹುಡುಗಿಯೊಬ್ಬಳು ನಮ್ಮನ್ನು ಕರೆದು, ಹಡಗಿನ ಕಡೆಯಿಂದಲೇ ಏರ್ಪಾಡಾದ ಟೂರಿನ ಬಗ್ಗೆ ಹೇಳಿದಳು. ಏಸಿ ಬಸ್ಸು, ಚರ್ಚು, ಕೋಟೆ, ಮಸಾಲೆ ತೋಟ, ಅಲ್ಲೇ ಊಟ.

"ಮಸಾಲಿ ತ್ವಾಟಾ ನೋಡಾಕ ಇವರ ಬಸ್ಸ್ಯಾಕ? ಗೋವಾ ಅಂದ್ರ ನಮ್ಮ ಹಿತ್ತಲಾ ಐತಿ," ಎಂದಳು ಮಾವಶಿ. ಅದು ಸುಳ್ಳೂ ಅಲ್ಲ. ನಮ್ಮ ಕಡೆಯ ತರಕಾರಿ ಲಾರಿಗಳು ದಿನಾ ಘಟ್ಟ ಇಳಿದು ಅಲ್ಲಿಗೇ ಹೋಗುತ್ತವೆ. ನನಗೂ ಬಸ್ಸಿನ ಕಿಟಕಿಯಿಂದ ಊರು ನೋಡುವುದು ಬೇಡವಾಗಿತ್ತು. ಬಂದರಿನ ಗೇಟು ದಾಟಿದರೆ ಸಾದಾ ಬಸ್ಸು ಸಿಗುತ್ತದೆ, ಮಾರ್ಕೆಟ್ಟಿಗೆ ಹೋಗಿ, ಸಮುದ್ರ ನೋಡಿ, ಊಟ ಮಾಡಿ ತಿರುಗಿ ಬರಬಹುದು ಎಂದು ಮೊದಲೇ ವಿಚಾರಿಸಿಟ್ಟುಕೊಂಡಿದ್ದೆ. ಹುಡುಗಿ ಒಂದು ಮಾತು ಹೇಳಿದಳು: ಟೂರಿನ ಬಸ್ಸು ತಡವಾದರೆ ಹಡಗು ಕಾಯುತ್ತದೆ, ತಮ್ಮಷ್ಟಕ್ಕೆ ತಾವು ಹೋದವರಿಗೆ ಕಾಯುವುದಿಲ್ಲ.

ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ಅವ್ವನಿಗೆ ನಂಬಿಕೆ ಬರಲಿಲ್ಲ. "ನಮ್ಮ ಅಂಬಿಗ ಆದ್ರ ಒಂದ್ ಕೂಗ ಹಾಕಿದ್ರ ನಡುಹೊಳಿಯಾಗಿಂದ ಹೊಳ್ಳಿ ಬರ್ತಾನ. ಇಷ್ಟ ದೊಡ್ಡ ಹಡಗಿಗೆ ಅಷ್ಟೂ ಮರ್ಯಾದಿ ಇಲ್ಲೇನ?"

ಬೆಳಗಿನ ಆ ಹೊತ್ತು ಎಷ್ಟು ಚೆನ್ನಾಗಿತ್ತೆಂದರೆ, ಆಮೇಲಿನದ್ದನ್ನು ನೆನೆಯುವಾಗ ಅದೇ ಹೆಚ್ಚು ಹೆದರಿಸುತ್ತದೆ. ಬಸ್ಸಿನ ಕಂಡಕ್ಟರ್ ಕೊಂಕಣಿಯಲ್ಲಿ ಕೇಳಿದ, ಮಾವಶಿ ಮರಾಠಿಯಲ್ಲಿ ಉತ್ತರಿಸಿದಳು, ಇಬ್ಬರಿಗೂ ತಿಳಿಯಿತು. ಸಣ್ಣ ಹೋಟೆಲಿನಲ್ಲಿ ಪಾವು, ಬಟಾಣಿ ಭಾಜಿ ತಿಂದೆವು. ಮಾವಶಿ ಚೀಲದಿಂದ ಶೇಂಗಾ ಚಟ್ನಿಯ ಡಬ್ಬಿ ತೆಗೆದು ಪಾವಿನ ಮೇಲೆ ಉದುರಿಸಿದಳು. ಪಕ್ಕದ ಟೇಬಲ್ಲಿನವರಿಗೂ ಒಂದೊಂದು ಚಮಚ ಕೊಟ್ಟಳು. ಮಾರ್ಕೆಟ್ಟಿನಲ್ಲಿ ಹೂ ಮಾರುವವಳು ವಿಜಯಪುರದ ಕಡೆಯವಳೆಂದು ಗೊತ್ತಾದದ್ದೇ ಅವ್ವ ಅವಳ ಮುಂದೆ ಕುಳಿತೇಬಿಟ್ಟಳು.

"ಎಲ್ಲಿಂದ ಬಂದ್ರಿ ಯಕ್ಕಾ?"

"ಮುಂಬೈಯಿಂದ. ಹಡಗಿನ್ಯಾಗ."

"ಊರು?"

"ಕಾಗವಾಡ ತಾಲೂಕು."

ಹೂವಿನವಳು ಹೂ ಕಟ್ಟುವುದನ್ನೇ ಬಿಟ್ಟಳು. "ಕಾಗವಾಡದಾಂವ್ರು ಮುಂಬೈಗೆ ಹೋಗಿ, ಹಡಗ ಹತ್ತಿ, ಗೋವಾಕ್ಕ ಬಂದ್ರ್ಯಾ? ನಿಪ್ಪಾಣ್ಯಾಗ ಬಸ್ ಹತ್ತಿದ್ರ ಊಟದ ಹೊತ್ತಿಗೆ ಇಲ್ಲಿರ್ತಿದ್ರಲ್ಲ!"

"ತಲಿ ಇದ್ದವ್ರು ಹಂಗ ಬರ್ತಾರ," ಎಂದು ಅವ್ವ ತಂಗಿಯನ್ನು ತೋರಿಸಿದಳು. ಮೂವರೂ ನಕ್ಕರು. ಅವ್ವ ಅವಳ ಹತ್ತಿರವೇ ಹೂವು, ತೆಂಗಿನಕಾಯಿ ಕೊಂಡಳು. ಕುಪ್ಪಸದ ಖಣ, ಅಕ್ಕಿ, ಅರಿಸಿನ, ಕುಂಕುಮಗಳನ್ನು ಊರಿಂದಲೇ ಗಂಟು ಕಟ್ಟಿ ತಂದಿದ್ದಳು.

ನಮ್ಮ ಕಡೆ ಹೆಣ್ಣುಮಕ್ಕಳು ಹೊಳೆಗೆ ಉಡಿ ತುಂಬುತ್ತಾರೆ, ಇವನ್ನೆಲ್ಲ ನೀರಿಗೆ ಬಿಡುತ್ತಾರೆ. ಹೊಳೆಯೂ ಮನೆಯ ಮಗಳೇ. ಬಂದವಳನ್ನು ಬರಿಗೈಯಲ್ಲಿ ಕಳಿಸಬಾರದು. ಅಂದು ಹುಣ್ಣಿಮೆ ಬೇರೆ. "ಸಮುದ್ರಕ್ಕ ಬಂದು ಹಂಗ ಹೋಗೂದಾ? ನಮ್ಮ ಕೃಷ್ಣವ್ವ ಕಡೀಕ ಬರೂದು ಇಲ್ಲಿಗೇ ಅಲ್ಲೇನ?" ಎಂದಳು ಅವ್ವ. ಕೃಷ್ಣೆ ಸೇರುವುದು ಪೂರ್ವದ ಸಮುದ್ರವನ್ನು, ಇದು ಪಶ್ಚಿಮದ್ದು ಎಂದೆ. "ನೀರಿಗೆ ನೀರು ಪರಿಚಯ ಇರ್ತೈತಿ, ನೀ ಸುಮ್ನಿರು," ಎಂದಳು.

ಹೂವಿನವಳು ಹೇಳಿದ ಸಣ್ಣ ಬೀಚಿನಲ್ಲಿ ಜನ ಇರಲಿಲ್ಲ. ದೂರದಲ್ಲಿ ಬಲೆ ಒಣಹಾಕಿದ್ದ ಒಂದೆರಡು ದೋಣಿ ಮಗುಚಿ ಬಿದ್ದಿದ್ದವು, ಅಷ್ಟೇ. ದಂಡೆಯ ಹತ್ತಿರದ ನೀರಿನಲ್ಲಿ ಉಡಿ ಬಿಡುವ ಹಾಗಿಲ್ಲ. ಜನ ತುಳಿಯುವ ನೀರು ಅದು. ಊರಲ್ಲಾದರೆ ಘಾಟಿನ ಕೊನೆಯ ಕಲ್ಲಿಗೆ ಹೋಗಿ ಹರಿಯುವ ನೀರಿಗೆ ಬಿಡುತ್ತಾರೆ. ಇಲ್ಲಿ ಅಂಥ ಕಲ್ಲಿನಂತೆ ಕಂಡದ್ದು ಆ ಬಂಡೆ. ಮಾವಶಿಗೆ ಮೊಣಕಾಲು ನೋವು. ಅಕ್ಕನ ಕೈ ಹಿಡಿದು ಒದ್ದೆ ಮರಳಲ್ಲಿ ನಡೆದು ಬಂಡೆ ಹತ್ತಿದಳು. ನಾನು ಚಪ್ಪಲಿ, ಚೀಲ ಕಾಯುತ್ತಾ ಈಚೆ ಉಳಿದೆ. ಫೋಟೋ ತೆಗೆದೆ.

ಉಡಿ ಬಿಟ್ಟ ಮೇಲೆ ಒಂದು ನಿಯಮ ಇದೆ. ತೆಂಗಿನಕಾಯಿ ತೇಲಿ ಕಣ್ಮರೆಯಾಗುವ ತನಕ ನೀರಿಗೆ ಬೆನ್ನು ಮಾಡಬಾರದು. ಕಾಯಿ ಹೋಯಿತೆಂದರೆ ತಾಯಿ ಒಪ್ಪಿಕೊಂಡಳು ಎಂದರ್ಥ. ಹೊಳೆಯಲ್ಲಿ ಅದಕ್ಕೆ ಎಷ್ಟು ಹೊತ್ತು ಬೇಕು? ಬಿಟ್ಟ ಕಾಯಿ ಸೆಳವಿಗೆ ಸಿಕ್ಕು ಹೊರಟೇ ಹೋಗುತ್ತದೆ. ಇಲ್ಲಿ ಅವ್ವ ಬಿಟ್ಟ ಕಾಯಿ ತುಸು ದೂರ ಹೋಗಿ, ತಿರುಗಿ, ಬಂಡೆಗೇ ಬಂದು ಬಡಿಯಿತು.

"ಯಾಕ ಹೊಳ್ಳಿ ಬಂತಕ್ಕಾ?" ಮಾವಶಿಯ ದನಿ ನನಗೂ ಕೇಳಿಸಿತು.

"ಏನರ ತಪ್ಪಾಗಿರಬೇಕು. ಇನ್ನೊಮ್ಮಿ ಅರಿಸಿನ ಹಚ್ಚು."

ಮತ್ತೆ ಬಿಟ್ಟರು. ಮತ್ತೆ ಬಂತು. ನಾನು ಈಚೆಯಿಂದ, "ಮಾವಶಿ, ಕಾಯಿಗೂ ಟೂರ್ ಬುಕ್ ಮಾಡಿಲ್ಲಲ್ಲ, ಅದಕ್ಕ ಹೋಗವಲ್ದು!" ಎಂದು ಕೂಗಿದೆ. ಅವಳು ಹಿಂದಿರುಗಿ ನೋಡದೆ ಕೈಯೆತ್ತಿ ಬೈದಳು.

ನಾನು ಪ್ರತಿ ವರ್ಷ ಮಕ್ಕಳಿಗೆ ಬೋರ್ಡಿನ ಮೇಲೆ ಚಂದ್ರನ ಚಿತ್ರ ಬರೆದು ಭರತ, ಇಳಿತ ಕಲಿಸುತ್ತೇನೆ. ಹುಣ್ಣಿಮೆ, ಅಮಾವಾಸ್ಯೆಗೆ ಭರತ ದೊಡ್ಡದು ಎಂಬುದು ಪರೀಕ್ಷೆಗೆ ಬರುವ ಪ್ರಶ್ನೆ. ಆದರೆ ನೀರು ಏರುವುದನ್ನು ನಾನು ಕಲಿತದ್ದು ಬೋರ್ಡಿನಿಂದಲ್ಲ, ಹೊಳೆಯಿಂದ. ಹೊಳೆ ಏರಬೇಕಾದರೆ ಘಟ್ಟದಲ್ಲಿ ಮಳೆಯಾಗಬೇಕು, ನೀರು ಕೆಂಪಾಗಬೇಕು, ಕಸಕಡ್ಡಿ ತೇಲಿ ಬರಬೇಕು. ಅಂದು ಆಕಾಶದಲ್ಲಿ ಒಂದೂ ಮೋಡವಿರಲಿಲ್ಲ. ನೀರು ತಿಳಿಯಾಗಿತ್ತು. ಹಾಗಾಗಿ ನನ್ನ ಚಪ್ಪಲಿಗಳ ಜೋಡಿ ತಾನಾಗಿ ಅಲುಗಿದಾಗ ಮೊದಲು ನಾಯಿ ಎಳೆಯಿತೇನೋ ಎಂದುಕೊಂಡೆ.

ತಲೆ ಎತ್ತಿ ನೋಡಿದರೆ ಒದ್ದೆ ಮರಳು ಇರಲಿಲ್ಲ.

ಬಂಡೆಯ ಸುತ್ತ ನೀರು. ಅಲೆ ಅಪ್ಪಳಿಸುವ ಸದ್ದೂ ಇಲ್ಲ. ತುಂಬುವ ಕೊಡದ ಹಾಗೆ ಸುಮ್ಮನೆ ಏರುತ್ತಿತ್ತು. ಅವರಿಬ್ಬರೂ ಆ ಕಡೆಗೇ ಮುಖ ಮಾಡಿ ಕಾಯಿಯನ್ನು ನೋಡುತ್ತಾ ನಿಂತಿದ್ದರು.

"ಅವ್ವಾ! ಹಿಂದ ನೋಡ!"

ನೋಡಿದಳು. ಅವಳಿಗೆ ಗಾಬರಿಯಾಗಲಿಲ್ಲ, ಅದೇ ನನ್ನ ಗಾಬರಿ. ನೆರೆಯ ನೀರು ಕಂಡವಳು ಅವಳು. ತಂಗಿಯ ಭುಜ ಹಿಡಿದು ಬಂಡೆಯ ಎತ್ತರದ ತುದಿಗೆ ಕರೆದೊಯ್ದು ಕೂರಿಸಿ, ನನಗೆ ಕೈ ತೋರಿಸಿದಳು. "ಏರೂ ನೀರಾಗ ಕಾಲ ಇಡಬಾರ್ದು! ಇಳಿಯೂ ತನಕ ಇಲ್ಲೇ ಕುಂದ್ರತೀವಿ! ನೀ ಅಂಜಬ್ಯಾಡ!"

ಅದು ಹೊಳೆಯ ಮಾತು. ಮಾಳಿಗೆ ಹತ್ತಿ ಕುಳಿತು ಬದುಕಿದವರ ಮಾತು. ನಾನೂ ಅದನ್ನು ಕೇಳುತ್ತಲೇ ಬೆಳೆದವಳು. ಒಂದು ಗಳಿಗೆ ನಂಬಿಯೂ ಬಿಟ್ಟೆ. ಆಮೇಲೆ ಬಂಡೆಯನ್ನು ಸರಿಯಾಗಿ ನೋಡಿದೆ. ಅದರ ಬುಡದಿಂದ ತುದಿಯ ತನಕ, ಅವರು ಕುಳಿತ ಜಾಗದಲ್ಲೂ, ಬಿಳಿ ಚಿಪ್ಪುಗಳು ಅಂಟಿಕೊಂಡಿದ್ದವು. ಅಂಥ ಚಿಪ್ಪು ಒಣಗಿದ ಕಲ್ಲಿನಲ್ಲಿ ಬದುಕುವುದಿಲ್ಲ. ಆ ಬಂಡೆ ಪೂರ್ತಿ ಮುಳುಗುತ್ತಿತ್ತು.

"ಬಂಡಿ ಮುಳಗತೈತಿ! ಈಗ ಬರ್ರಿ, ಈಗ ಬರ್ರಿ!" ಎಂದೆ. ಗಾಳಿ ನನ್ನ ಮಾತನ್ನು ನನ್ನ ಮುಖಕ್ಕೇ ತಂದು ಹಾಕುತ್ತಿತ್ತು. ಮಗುಚಿದ ದೋಣಿಗಳ ಕಡೆ ಕೂಗಿದೆ, ಯಾರೂ ಇರಲಿಲ್ಲ. ನಾನು ನೀರಿಗಿಳಿದೆ. ಮೊಣಕಾಲು ದಾಟಿತು. ಅವ್ವ ಆಚೆಯಿಂದ ನನ್ನನ್ನೇ ಗದರಿಸತೊಡಗಿದಳು, "ಹಿಂದ ಸರೀ ಬೇ! ಹುಚ್ಚಿ, ಹಿಂದ ಸರಿ!" ಮಾವಶಿ ಕುಳಿತಲ್ಲೇ ಸೀರೆಯನ್ನು ಮೊಣಕಾಲಿನ ಮೇಲೆ ಎಳೆದುಕೊಳ್ಳುತ್ತಿದ್ದಳು, ಪಾದ ಆಗಲೇ ನೀರಲ್ಲಿತ್ತು.

ಆಗ ನನ್ನ ಬಾಯಿಂದ ಆ ಮಾತು ಬಂತು. ಯೋಚಿಸಿ ಆಡಿದ್ದಲ್ಲ.

"ಅವ್ವಾ! ಕೊಯ್ನಾ ನೀರ ಬಿಟ್ಟಾರ!"

ನಮ್ಮ ಊರುಗಳಲ್ಲಿ ಈ ಮಾತಿಗೆ ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನ ಬಾಗಿಲು ತೆರೆದರೆ ಮಾಳಿಗೆಯೂ ಸಾಲದು. ಒಲೆಯ ಮೇಲಿನ ಅನ್ನ ಅಲ್ಲೇ, ಬಾಗಿಲು ತೆರೆದಿದ್ದರೆ ಹಾಗೇ. ಉಟ್ಟ ಬಟ್ಟೆಯಲ್ಲಿ ದನಗಳ ಹಗ್ಗ ಬಿಚ್ಚಿ ಹೊರಡುವುದು. ಅವ್ವ ಎದ್ದು ನಿಂತಳು. ಗೋವೆಗೆ ಕೊಯ್ನಾ ಹೇಗೆ ಬಂತೆಂದು ಅವಳೂ ಕೇಳಲಿಲ್ಲ, ಮಾವಶಿಯೂ ಕೇಳಲಿಲ್ಲ. ಅವ್ವ ತನ್ನ ಸೆರಗನ್ನು ಬಿಚ್ಚಿ ತಂಗಿಯ ಸೆರಗಿಗೆ ಗಂಟು ಹಾಕಿದಳು, ಎರಡು ಗಂಟು, ಎಳೆದು ನೋಡಿದಳು. ಇಬ್ಬರೂ ಇಳಿದರು.

ಸೊಂಟದ ತನಕ ಬಂತು. ಅವ್ವ ಹೊಳೆಯಲ್ಲಿ ನಡೆಯುವ ಹಾಗೆ ಪಾದ ಎತ್ತದೆ ಜಾರಿಸುತ್ತಾ ಬರುತ್ತಿದ್ದಳು. ಹೊಳೆಯ ನೀರು ಒಂದೇ ಕಡೆ ತಳ್ಳುತ್ತದೆ. ಅದಕ್ಕೆ ಎದೆ ಕೊಟ್ಟು ನಿಲ್ಲಬಹುದು. ಇದು ಮುಂದೆ ತಳ್ಳಿ, ಮರುಗಳಿಗೆ ಹಿಂದೆ ಎಳೆಯಿತು. ನಡುವೆ ಮಾವಶಿಯ ಮೊಣಕಾಲು ಕುಸಿಯಿತು. ಅವಳು ಸದ್ದೇ ಇಲ್ಲದೆ ಒಳಗೆ ಹೋದಳು. ಸೆರಗಿನ ಗಂಟು ಅವ್ವನನ್ನೂ ಎಳೆಯಿತು. ಇಬ್ಬರ ತಲೆಯೂ ಕಾಣಲಿಲ್ಲ. ನೀರಿನ ಮೇಲೆ ಹಸಿರು ಸೆರಗು, ಕೆಂಪು ಸೆರಗು, ನಡುವೆ ಗಂಟು.

ನಾನು ಮತ್ತೆ ಮತ್ತೆ ನೋಡುವುದು ಇದನ್ನೇ. ಕರಿಹಲಗೆಗೆ ಮುಖ ಮಾಡಿ ಬರೆಯುವಾಗಲೂ ಕೆಲವೊಮ್ಮೆ ಬರುತ್ತದೆ. ಕೈ ನಿಲ್ಲುತ್ತದೆ, ಹಿಂದೆ ಮಕ್ಕಳು ಗುಸುಗುಸು ಎನ್ನುತ್ತಾರೆ.

ಎದೆ ಮಟ್ಟದ ನೀರಿಗೆ ಹೋಗಿ ನಾನು ಹಿಡಿದದ್ದು ಕೈಯನ್ನಲ್ಲ, ಆ ಗಂಟನ್ನು. ಎರಡೂ ಕೈಯಲ್ಲಿ ಹಿಡಿದು ದಂಡೆಯ ಕಡೆ ತಿರುಗಿ, ಹೆಗಲ ಮೇಲೆ ಹಾಕಿಕೊಂಡು ಎಳೆದೆ. ಮೊದಲು ಅವ್ವ ಎದ್ದಳು, ಕೆಮ್ಮುತ್ತಾ. ಅವಳ ತೋಳಿಗೆ ಮಾವಶಿಯ ಜಡೆ ಸುತ್ತಿಕೊಂಡಿತ್ತು. ಹೇಗೆ ಬಂದೆವೋ, ಮೂವರೂ ಮರಳಿನ ಮೇಲೆ ಕೈಯೂರಿ ಬಿದ್ದೆವು. ಮಾವಶಿ ನೀರು ಕಾರಿದಳು. ಸ್ವಲ್ಪ ಹೊತ್ತಿನ ಮೇಲೆ ಹಿಂದಿರುಗಿ ನೋಡಿದಾಗ ಬಂಡೆ ಇದ್ದ ಕಡೆ ನೀರು ಒಂದಿಷ್ಟು ಸುಳಿಯುತ್ತಿತ್ತು, ಬೇರೇನೂ ಇರಲಿಲ್ಲ.

ಅರಿಸಿನ ತೊಳೆದುಹೋದ ತೆಂಗಿನಕಾಯಿ ನಮ್ಮ ಪಕ್ಕದಲ್ಲೇ ಬಂದು ಮರಳಿಗೆ ತಾಗಿ ನಿಂತಿತ್ತು.

"ನಮಗಿಂತ ಮೊದಲ ಬಂದೈತಿ ನೋಡ," ಎಂದಳು ಮಾವಶಿ. ಯಾರೂ ನಗಲಿಲ್ಲ. ಅವ್ವ ಗಂಟು ಬಿಚ್ಚಲು ನೋಡಿದಳು; ನೆನೆದು ಬಿಗಿದಿತ್ತು. ಸೆರಗಿಗೆ ಸೆರಗು ಕಟ್ಟಿಕೊಂಡೇ ಇಬ್ಬರೂ ರಸ್ತೆಯ ತನಕ ನಡೆದರು.

ಬಂದರಿನ ಗೇಟಿನ ಹತ್ತಿರ ಟೂರಿನ ಬಸ್ಸುಗಳೂ ಬಂದು ನಿಂತಿದ್ದವು. ಗೋಡಂಬಿ ಪೊಟ್ಟಣ ಹಿಡಿದು ಇಳಿದ ಹೆಂಗಸೊಬ್ಬಳು ನಮ್ಮ ಒದ್ದೆ ಬಟ್ಟೆ ನೋಡಿ ಯಾವ ಟೂರು ಎಂದು ಹಿಂದಿಯಲ್ಲಿ ಕೇಳಿದಳು. "ಆಮಚಾ ಸ್ವತಃಚಾ," ನಮ್ಮದೇ ಸ್ವಂತದ್ದು, ಎಂದು ಮಾವಶಿ ಮರಾಠಿಯಲ್ಲಿ ಹೇಳಿ ಗಲ್ಲ ಎತ್ತಿ ನಡೆದಳು. ನನ್ನ ಕೈಯನ್ನು ಮಾತ್ರ ಬಿಡಲಿಲ್ಲ.

ಹಡಗು ಹೊರಟ ಮೇಲೆ ಅವ್ವ ನನ್ನನ್ನು ಪಕ್ಕಕ್ಕೆ ಕರೆದಳು. "ಕೊಯ್ನಾ ಅಂದಿ."

"ನೀ ಬೇರೆ ಯಾವುದಕ್ಕೂ ಏಳ್ತಿದ್ದಿಲ್ಲವ್ವಾ."

"ಖರೆ. ಏಳ್ತಿದ್ದಿಲ್ಲ." ರೇಲಿಂಗಿನ ಮೇಲೆ ಕೈಯಿಟ್ಟು ಕೆಳಗಿನ ನೀರು ನೋಡಿದಳು. "ಆ ಮಾತು ಸುಳ್ಳ ಹೇಳೂದಲ್ಲ ಬೇ. ಒಮ್ಮಿ ಸುಳ್ಳಾತಂದ್ರ, ಮುಂದ ಖರೆ ಇದ್ದಾಗ ಕಾಲ ಏಳೂದಿಲ್ಲ."

ಜೀವ ಉಳಿಸಿದ್ದಕ್ಕೆ ಬೈಗುಳವೇ ಎಂದು ಆಗ ನನಗೆ ಸಿಟ್ಟು ಬಂತು. ಅದು ಬೈಗುಳ ಆಗಿರಲಿಲ್ಲ.

ಮುಂದಿನ ಮಳೆಗಾಲದಲ್ಲಿ ಘಟ್ಟದಲ್ಲಿ ಮಳೆ ನಿಲ್ಲಲಿಲ್ಲ. ಒಂದು ಮಧ್ಯಾಹ್ನ ಶಾಲೆಯ ಸ್ಟಾಫ್ ರೂಮಿಗೆ ಅಣೆಕಟ್ಟಿನ ಬಾಗಿಲು ತೆರೆದ ಸುದ್ದಿ ಬಂತು. ಅಪ್ಪ ಮತ್ತು ಅಣ್ಣ ಕಾಗವಾಡಕ್ಕೆ ಹೋಗಿದ್ದರು, ವೈನಿ ತವರಿನಲ್ಲಿದ್ದಳು. ಮನೆಯಲ್ಲಿ ಅವ್ವ ಒಬ್ಬಳೇ. ಫೋನು ಹಚ್ಚಿದೆ.

"ಅವ್ವಾ, ಕೊಯ್ನಾ ನೀರ ಬಿಟ್ಟಾರ."

ಆಚೆ ಕಡೆ ಮಾತಿಲ್ಲ. ಮಳೆಯ ಸದ್ದು ಮಾತ್ರ. ಹಿಂದೆ ಎಂದೂ ಈ ಮಾತಿನ ನಂತರ ಅವಳು ಸುಮ್ಮನೆ ನಿಂತವಳಲ್ಲ. ಬಂಡೆಯ ಮೇಲೆ ಕುಳಿತು ನನಗೆ ಕೈ ಬೀಸಿದ್ದು ಕಣ್ಣ ಮುಂದೆ ಬಂತು.

"ನಮ್ಮ ಕೊಯ್ನಾನೋ, ಗೋವಾದ್ದೋ?" ಎಂದಳು.

"ನಮ್ಮದವ್ವಾ. ನಮ್ಮದಾ. ನಿನ್ನಾಣಿ."

ಫೋನನ್ನು ಎಲ್ಲೋ ಇಟ್ಟ ಸದ್ದು. ನಾನು ಕಿವಿಗೆ ಒತ್ತಿ ಹಿಡಿದೇ ನಿಂತಿದ್ದೆ. ಆಮೇಲೆ ದೂರದಲ್ಲಿ, ಮಳೆಯ ನಡುವೆ, ಎಮ್ಮೆಯ ಕೊರಳ ಸರಪಳಿ ಗೂಟದಿಂದ ಕಳಚಿ ಕಲ್ಲಿನ ಮೇಲೆ ಬಿದ್ದದ್ದು ಕೇಳಿಸಿತು.