ಕೂಪನ್ನಿನ ಕೊನೆಯ ದಿನ

ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ನನ್ನ ಕಂಪ್ಯೂಟರಿನ ಮೇಲೆ ಮಣ್ಣು ಉದುರಿತು. ಊದಿದೆ. ಮತ್ತೆ ಉದುರಿತು. ತಲೆಯೆತ್ತಿದರೆ, ಬನಹಟ್ಟಿಯ ನಮ್ಮ ಸೀರೆ ಅಂಗಡಿಯ ಮಹಡಿ ಹೊತ್ತಿದ್ದ ಹಳೆಯ ತೊಲೆಯಲ್ಲಿ ಬೆರಳು ತೂರುವಷ್ಟು ಸೀಳು. ಮೇಲೆ ಮೂರು ಮದುವೆ ಮನೆಯವರು ಒಟ್ಟಿಗೆ ಕೂತು ಬಸ್ತಾ ಕಟ್ಟುತ್ತಿದ್ದರು. ಮದುವೆಯ ಬಟ್ಟೆ ಆರಿಸುವುದಕ್ಕೆ ನಮ್ಮ ಕಡೆ ಹಾಗೆನ್ನುತ್ತಾರೆ. ಅದಕ್ಕೆ ಎರಡೂ ಕಡೆಯ ನೆಂಟರೆಲ್ಲ ಗಾಡಿ ತುಂಬಿಕೊಂಡು ಬರುತ್ತಾರೆ.

ಅಷ್ಟು ಜನರನ್ನು ಒಂದೇ ದಿನ ಅಲ್ಲಿಗೆ ತಂದವಳು ನಾನೇ.

ಜಮಖಂಡಿಯಲ್ಲಿ ಬಿ.ಕಾಂ. ಓದಿ ಈ ಮನೆಗೆ ಸೊಸೆಯಾಗಿ ಬಂದವಳು ಒಂದು ಉಪಾಯ ಹೂಡಿದ್ದೆ. ಇಮೇಲ್ ವಿಳಾಸ ಬರೆಸಿದವರಿಗೆ ರಿಯಾಯಿತಿ ಕೂಪನ್. ವಿಳಾಸಗಳ ಪಟ್ಟಿ ಬೆಳೆದರೆ ಹೊಸ ಸೀರೆ ಬಂದಾಗಲೆಲ್ಲ ಸುದ್ದಿ ಕಳಿಸಬಹುದು. ಹುನ್ನೂರಿನ ಅಜ್ಜಿಯೊಬ್ಬಳು ಕೇಳಿದ್ದಳು: "ಇಮೇಲ ಅಂದ್ರ ಏನ್ ಬೇ? ನಮ್ಮ ಮೊಮ್ಮಗಂದು ಒಂದ್ ಐತಿ, ಅದನ್ನ ಬರ್ಕೋ. ಹೊಲಾ, ಮನಿ ಎಲ್ಲಾ ಒಂದ ಐತಿ, ಇದನ್ಯಾಕ ಬ್ಯಾರೆ ಮಾಡೂದು?"

ಕೂಪನ್ನಿಗೆ ಕೊನೆಯ ದಿನವಿರಬೇಕೆಂದು ಎಲ್ಲೋ ಓದಿ ಒಂದು ವಾರದ ಗಡುವು ಹಾಕಿದೆ. ಗೋಡೆಯ ಕ್ಯಾಲೆಂಡರ್ ನೋಡಲಿಲ್ಲ. ಆ ವಾರ ಅಮಾವಾಸ್ಯೆಯಿತ್ತು. ಅದು ಕಳೆಯುವವರೆಗೆ ನಮ್ಮಲ್ಲಿ ಯಾರೂ ಬಸ್ತಾ ಕಟ್ಟುವುದಿಲ್ಲ. ಉಳಿದದ್ದು ಒಂದೇ ದಿನ, ಕೊನೆಯದು.

ನಾನು ಚೀರಲು ಬಾಯಿ ತೆರೆದೆ. ಅತ್ತೆ ನನ್ನ ಬಾಯಿಯ ಮೇಲೆ ಕೈಯಿಟ್ಟರು. ಅವರೂ ತೊಲೆ ನೋಡಿದ್ದರು. "ಒದರಬ್ಯಾಡ. ಒದರಿದ್ರ ಎಲ್ಲಾರೂ ಒಮ್ಮೆಲೇ ಮೆಟ್ಲಿಗೆ ಬೀಳ್ತಾರ." ನಮ್ಮ ಮರದ ಮೆಟ್ಟಿಲಲ್ಲಿ ಒಂದು ಸಲಕ್ಕೆ ಒಬ್ಬರೇ ಇಳಿಯಬಹುದು.

ಬಸ್ತಾಕ್ಕೆ ಬಂದ ಹೆಣ್ಣುಮಕ್ಕಳಿಗೆ ಉಡಿ ತುಂಬಿ ಕಳಿಸುವುದು ಅಂಗಡಿಯ ಪದ್ಧತಿ. ಅತ್ತೆ ಅಕ್ಕಿ, ಕೊಬ್ಬರಿ, ಕುಪ್ಪಸದ ಬಟ್ಟೆಯ ಬುಟ್ಟಿಯನ್ನು ನನ್ನ ಕೈಗಿಟ್ಟು, ಹೊರಗೆ ಬೇವಿನ ಗಿಡದ ಕೆಳಗೆ ಚಾಪೆ ಹಾಸಲು ಹೇಳಿದರು. ಆಮೇಲೆ ಮೆಟ್ಟಿಲ ಬುಡದಲ್ಲಿ ನಿಂತು, ಏನೂ ಆಗದವರಂತೆ ಕರೆದರು: "ಉಡಿ ತುಂಬತೇವಿ, ಬರ್ರೆವಾ! ಮೊದಲ ಹಿರ್ಯಾರು. ಒಬ್ಬೊಬ್ಬರ ಬರ್ರಿ."

ಉಡಿಗೆ ಕರೆದರೆ ಯಾರೂ ಒಲ್ಲೆ ಅನ್ನುವುದಿಲ್ಲ. ಹಿರಿಯರನ್ನು ದಾಟಿ ಯಾರೂ ಮುಂದೆ ನುಗ್ಗುವುದೂ ಇಲ್ಲ. ಆದರೆ ಮೇಲೆ ಹೊಸ ತಕರಾರು ಹುಟ್ಟಿತು.

"ಮೊದಲ ನೀವು ನಡೀರಿ, ಬೀಗತಿಯಾರ ನೀವು," ಎಂದಳು ಹುನ್ನೂರಿನ ಅಜ್ಜಿ.

"ಏ, ನೀವು ನನಗಿಂತ ಹಿರ್ಯಾರದೀರಿ."

"ನನ್ನ ಹಲ್ಲ ನೋಡ್ರಿ, ಇನ್ನೂ ಎಲ್ಲಾ ಅದಾವ!"

ಮಣ್ಣು ಉದುರುತ್ತಲೇ ಇತ್ತು. ಅತ್ತೆ ನಕ್ಕರು. ಆ ನಗು ನನಗೆ ಇಂದಿಗೂ ಕಾಣುತ್ತದೆ. "ಹಲ್ಲಿದ್ದವ್ರ ಮೊದಲ ಬರ್ರಿ, ಕೊಬ್ಬರಿ ಗಟ್ಟಿ ಐತಿ!"

ಮೇಲೆ ನಗೆಯೆದ್ದಿತು. ಅಜ್ಜಿ ಇಳಿದಳು. ಹಿಂದೆ ಬೀಗತಿ, ಮದುಮಗಳು, ಮಕ್ಕಳನ್ನು ಎತ್ತಿಕೊಂಡ ತಾಯಂದಿರು. ಗಂಡಸರನ್ನು ಟೋಪಿ, ಟವೆಲ್ ಮರ್ಯಾದೆಗೆಂದು ಕರೆದೆವು. ಕೊನೆಗೆ ಮೇಲೆ ಉಳಿದವರು ಸೀರೆ ತೋರಿಸುತ್ತಿದ್ದ ಮಾವ, ಹರವಿದ್ದನ್ನೆಲ್ಲ ಮಡಚುತ್ತ.

"ಇವನ್ನಟ್ಟ ಮಡಚಿ ಬರ್ತೇನಿ."

"ಸೀರಿಗಿ ಯಾರೂ ಉಡಿ ತುಂಬಾಂಗಿಲ್ಲ. ಕೆಳಗ ಬರ್ರಿ!" ಗಂಡನ ಮೇಲೆ ಅತ್ತೆ ದನಿಯೆತ್ತಿದ್ದನ್ನು ನಾನು ಅಂದೇ ಮೊದಲು ಕೇಳಿದ್ದು.

ಮಾವ ಹೊಸ್ತಿಲು ದಾಟಿ ಗಿಡದ ನೆರಳಿಗೆ ಬರುವಷ್ಟರಲ್ಲಿ ತೊಲೆ ಮುರಿಯಿತು. ಹಲಗೆ, ಮಣ್ಣು, ಗಾದಿ, ಸೀರೆ ಎಲ್ಲವೂ ನನ್ನ ಕಂಪ್ಯೂಟರಿನ ಮೇಲೆ ಬಿದ್ದವು. ಅಜ್ಜಿ ಉಡಿಯ ಗಂಟು ಬಿಗಿಹಿಡಿದು ಅತ್ತೆಯ ಮುಖ ನೋಡಿದಳು.

"ಇದಕ್ಕ ಕರದೇನ ಯವ್ವಾ?"

ಅತ್ತೆ ಆಗ ಅತ್ತರು. ಅಜ್ಜಿ ಅವರ ತಲೆ ಸವರಿ, ನನ್ನ ಕಡೆ ತಿರುಗಿದಳು. "ಏ ಕಲತಾಕಿ, ನಿನ್ನ ಕೂಪನ್ ನಡೀತೈತೋ ಇಲ್ಲೋ? ಇವತ್ತ ಕಡೀ ದಿನ ಅಂದಿದ್ದಿ."

ನಗುತ್ತ ನಗುತ್ತ ಮಂದಿಯೇ ಸೀರೆ ಝಾಡಿಸಿ ಗಿಡದ ಕೆಳಗೆ ಹರವಿದರು. ಸಂಜೆಯೊಳಗೆ ಮೂರೂ ಬಸ್ತಾ ಮುಗಿದವು.

ನಾನು ಮಾತ್ರ ನಿದ್ದೆ ಕಳೆದುಕೊಂಡೆ. ಬಾಗಿಲು ಕಿರ್ರೆಂದರೆ ಎದ್ದು ಕೂರುತ್ತಿದ್ದೆ, ಮೆಟ್ಟಿಲಿಳಿದವರನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಎಣಿಸುತ್ತಿದ್ದೆ. ಪಕ್ಕದಲ್ಲಿ ಅತ್ತೆಯೂ ಎದ್ದೇ ಇರುತ್ತಿದ್ದರು. ತಿಂಗಳುಗಟ್ಟಲೆ ಯಾರಿಗೂ ಕೂಪನ್ ಕಳಿಸಲಿಲ್ಲ.

ಒಂದು ದಿನ ಪಟ್ಟಿಯಲ್ಲಿದ್ದ ಹುನ್ನೂರಿನ ಅಜ್ಜಿಯ ಮೊಮ್ಮಗನ ವಿಳಾಸದಿಂದಲೇ ನನ್ನ ಫೋನಿಗೆ ಒಂದು ಇಮೇಲ್ ಬಂತು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. "ಆಯಿ ಹೇಳಿ ಬರಸಾಕತ್ತಾಳ. ಸಣ್ಣ ಮೊಮ್ಮಗಳ ಲಗ್ನ ಗಟ್ಟಿ ಆತು. ಕೂಪನ್ ಯಾವಾಗ? ಈ ಸಲ ನೆಲದ ಮ್ಯಾಲೆ ಕುಂದರತೇವಿ."

ಓದಿ ಹೇಳಿದೆ. ಅತ್ತೆ ಎದ್ದು ಗೋಡೆಯ ಕ್ಯಾಲೆಂಡರನ್ನೇ ಕಿತ್ತು ತಂದು ನನ್ನ ಮುಂದಿಟ್ಟರು. ಒಂದು ಮನೆಗೆ ಒಂದು ದಿನದಂತೆ, ಅವರು ಒಳ್ಳೆಯ ದಿನ ಹೇಳಿದರು, ನಾನು ಕೂಪನ್ ಬರೆದು ಕಳಿಸಿದೆ.

ಅಂದು ಮಲಗಿದ್ದಷ್ಟೇ ನೆನಪು. ಕಣ್ಣು ಬಿಟ್ಟಾಗ ಅಂಗಳದ ತುಂಬ ಬಿಸಿಲಿತ್ತು. ಪಕ್ಕದಲ್ಲಿ ಅತ್ತೆ ಇನ್ನೂ ಗೊರಕೆ ಹೊಡೆಯುತ್ತಿದ್ದರು.